ಅಕ್ಟೋಬರ್ ಮತ್ತು ಆ ಎಡಗೈ

ಲಾಸ್ ಏಂಜಲೀಸಿಗೆ ಬಂದ ಹೊಸತರಲ್ಲಿ ಬೇಸ್‌ಬಾಲ್ ನನಗೆ ರುಚಿಸಲಿಲ್ಲ. ಚೆಂಡು ನೆಲಕ್ಕೆ ಬೀಳುವುದೇ ಇಲ್ಲ, ಇನ್ನು ತಿರುಗುವುದು ಎಲ್ಲಿಂದ ಎಂದುಕೊಂಡಿದ್ದೆ. ಆ ಅನಿಸಿಕೆ ಹೋದದ್ದು ಇಲ್ಲಿನ ಡಾಡ್ಜರ್ಸ್ ತಂಡದ ಎಡಗೈ ಪಿಚರ್ (ಚೆಂಡೆಸೆಯುವವರು) ಕ್ಲೇಟನ್ ಕರ್ಶಾ ಅವರ ಕರ್ವ್‌ಬಾಲ್ ಕಂಡ ಮೇಲೆ. ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತುತ್ತಾರೆ. ಬಲಗಾಲು ಮೇಲೆದ್ದು ಇಳಿಯುವಾಗ ಅರೆಕ್ಷಣ ತಡೆಯುತ್ತದೆ. ಆಮೇಲೆ ಎತ್ತರದಿಂದ ಬೀಸಿದ ಎಡಗೈಯಿಂದ ಹೊರಟ ಚೆಂಡು ಬ್ಯಾಟರ್‌ನ ಕಣ್ಣಿನ ಮಟ್ಟದಲ್ಲಿ ಮೆಲ್ಲಗೆ ತೇಲಿ ಬಂದು, ಕೊನೆಯ ಗಳಿಗೆಯಲ್ಲಿ ಮೊಣಕಾಲಿಗೆ ಕುಸಿಯುತ್ತದೆ.

ಮೊದಲ ಪಂದ್ಯ 2008ರಲ್ಲಿ, 20ನೇ ವಯಸ್ಸಿನಲ್ಲಿ. 2011, 2013, 2014ರಲ್ಲಿ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ಆದರೂ ಪ್ರತಿ ಅಕ್ಟೋಬರಿನಲ್ಲಿ, ಅಂದರೆ ವರ್ಷದ ಚಾಂಪಿಯನ್ ತಂಡ ನಿರ್ಧಾರವಾಗುವ ತಿಂಗಳಲ್ಲಿ, ಇಲ್ಲಿನ ಜನರ ಎದೆ ಡವಗುಟ್ಟುತ್ತಿತ್ತು. 2019ರ ನಿರ್ಣಾಯಕ ಪಂದ್ಯದಲ್ಲಿ ಒಂದರ ಹಿಂದೊಂದು ಎರಡು ಹೋಮ್ ರನ್ (ನಮ್ಮ ಸಿಕ್ಸರ್‌ನಂಥವು) ಕೊಟ್ಟು, ತಲೆ ತಗ್ಗಿಸಿ ಕುಳಿತಿದ್ದ ಅವರ ಚಿತ್ರ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. 2020ರಲ್ಲಿ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವಿಶ್ವ ಸರಣಿ (ವರ್ಲ್ಡ್ ಸೀರೀಸ್) ಗೆದ್ದರು. ಗೆಲ್ಲದ ವರ್ಷಗಳಲ್ಲೂ ಅವರು ತಂಡ ಬಿಡಲಿಲ್ಲ, ಜನ ಅವರನ್ನು ಬಿಡಲಿಲ್ಲ. ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಹ್ಲಿ ಆರ್‌ಸಿಬಿ ಸೇರಿದ್ದೂ 2008ರಲ್ಲೇ.

2025ರ ಜುಲೈ 2ರಂದು ನಾನು ಕ್ರೀಡಾಂಗಣದ ಮೇಲಿನ ಸಾಲಿನಲ್ಲಿದ್ದೆ. ಮೂರು ಸಲ ಒಳ್ಳೆಯ ಚೆಂಡನ್ನು ಹೊಡೆಯಲಾಗದೆ ಬ್ಯಾಟರ್ ಔಟಾದರೆ ಅದು ಸ್ಟ್ರೈಕ್‌ಔಟ್. ಆರನೇ ಇನಿಂಗ್ಸ್ ಹೊತ್ತಿಗೆ ಕರ್ಶಾ ಅವರ 3000ನೇ ಸ್ಟ್ರೈಕ್‌ಔಟ್‌ಗೆ ಒಂದೇ ಬಾಕಿ. ಅದೇ ಇನಿಂಗ್ಸ್‌ನಲ್ಲಿ ಸಹ ಆಟಗಾರ ಮ್ಯಾಕ್ಸ್ ಮನ್ಸಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡಾಗ ಇಡೀ ಅಂಗಳ ಮೌನವಾಯಿತು. ಅದಾದ ಮೇಲೆ ಕರ್ಶಾ ಎಸೆದ, ಅಂದಿನ ನೂರನೇ ಚೆಂಡನ್ನು ಬ್ಯಾಟರ್ ಸುಮ್ಮನೆ ನೋಡುತ್ತಾ ನಿಂತುಬಿಟ್ಟ. ಔಟ್! ಪಕ್ಕದಲ್ಲಿದ್ದ ಮೆಕ್ಸಿಕನ್ ಅಜ್ಜ ನನ್ನ ಹೆಗಲು ತಬ್ಬಿಕೊಂಡು ಅತ್ತರು. ಅವರ ಭಾಷೆ ನನಗೆ ಬಾರದು, ಆದರೂ ಎಲ್ಲವೂ ಅರ್ಥವಾಯಿತು. ಅಷ್ಟು ಸ್ಟ್ರೈಕ್‌ಔಟ್ ಪಡೆದ ಎಡಗೈ ಪಿಚರ್‌ಗಳಲ್ಲಿ ಕರ್ಶಾ ನಾಲ್ಕನೆಯವರು.

ಸೆಪ್ಟೆಂಬರಿನಲ್ಲಿ ನಿವೃತ್ತಿ ಘೋಷಿಸಿದರು. ಅಕ್ಟೋಬರ್ 27ರಂದು, ವಿಶ್ವ ಸರಣಿಯ ಮೂರನೇ ಪಂದ್ಯದ 12ನೇ ಇನಿಂಗ್ಸ್‌ನಲ್ಲಿ, ಎದುರಾಳಿ ಓಟಗಾರರಿಂದ ಮೂರೂ ಬೇಸ್‌ಗಳು ತುಂಬಿ ರನ್ ಬಿಟ್ಟುಕೊಡುವ ಅಪಾಯವಿದ್ದಾಗ ತಂಡ ಕರೆದದ್ದು 37 ವರ್ಷದ ಅವರನ್ನೇ. ಅಕ್ಟೋಬರಿಗೆ ಆಗದವರು ಎಂದು ಹೆಸರು ಕೆಡಿಸಿಕೊಂಡಿದ್ದ ಅದೇ ಮನುಷ್ಯ! ನಾನು ಟಿವಿ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ಎದುರಿಸಿದ್ದು ಒಬ್ಬನೇ ಬ್ಯಾಟರ್. ಚೆಂಡು ನೆಲಕ್ಕೆ ತಾಗಿ ಉರುಳಿತು, ಅವನು ಔಟಾದ. ಡಾಡ್ಜರ್ಸ್ ಪರ ಅದೇ ಅವರ ಕೊನೆಯ ಎಸೆತ.