ಈ ರ‍್ಯಾಂಕಿಗೆ ಎಲ್ಲಿ ಸಿಗುತ್ತೆ?

ಗೊತ್ತಿಲ್ಲ.

ಅಷ್ಟೇ ನನ್ನ ಉತ್ತರ. ಇಲ್ಲಿಗೇ ಓದು ನಿಲ್ಲಿಸಿದರೂ ನನಗೆ ಬೇಜಾರಿಲ್ಲ. ಆದರೆ ನೀವು ನಿಲ್ಲಿಸಲ್ಲ, ಅಂಗಡಿಗೆ ಬಂದಾಗಲೂ ನಿಲ್ಲಿಸಲ್ಲ. "ಹಂಗಲ್ಲ ಮಾರಾಯ, ಒಂದು ಅಂದಾಜು ಹೇಳು" ಅಂತೀರಿ.

ನನ್ನದು ತೀರ್ಥಹಳ್ಳಿಯಲ್ಲಿ ಒಂದು ಸಣ್ಣ ಸೈಬರ್. ಜೆರಾಕ್ಸ್, ಲ್ಯಾಮಿನೇಷನ್, ಫೋಟೋ, ಪಹಣಿ ತೆಗೆಯೋದು, ಕರೆಂಟ್ ಬಿಲ್ ಕಟ್ಟೋದು. ಮಳೆ ಹಿಡಿದ ಮೇಲೆ ಇದರ ಜೊತೆಗೆ ಸಿಇಟಿ, ಅಂದರೆ ಪಿಯುಸಿ ಮಕ್ಕಳು ಎಂಜಿನಿಯರಿಂಗ್, ಅಗ್ರಿ ಸೀಟಿಗೆ ಬರೆಯೋ ಪ್ರವೇಶ ಪರೀಕ್ಷೆಯ ಕೆಲಸ. ನಾನು ಮೇಷ್ಟ್ರಲ್ಲ. ಬಿಎ ಮಾಡಿದವನು, ಅದೂ ಇಂಗ್ಲಿಷಿನಲ್ಲಿ ಒಂದು ಸಲ ಡುಮ್ಕಿ ಹೊಡೆದು. ಆದರೂ ಜೂನ್ ಬಂತೆಂದರೆ ಸುತ್ತಲಿನ ಹಳ್ಳಿ ಮಕ್ಕಳ ಹಣೆಬರಹ ಬರೆಯುವ ಬ್ರಹ್ಮ ನಾನೇ. ಒಂದು ಅರ್ಜಿಗೆ ಐವತ್ತು ರೂಪಾಯಿ, ಪ್ರಿಂಟಿನ ದುಡ್ಡು ಬೇರೆ.

ಕೇಳುವ ರೀತಿ ನೋಡಿ. ಕೌಂಟರಿನ ಮೇಲೆ ಮೊಬೈಲ್ ಇಟ್ಟು, ಅದರಲ್ಲಿರುವ ನಂಬರಿಗೆ ಬೆರಳು ಒತ್ತಿ, "ಈ ರ‍್ಯಾಂಕಿಗೆ ಎಲ್ಲಿ ಸಿಗುತ್ತೆ?" ಕೇಳುವವರು ಅಪ್ಪ, ಇಲ್ಲಾ ಮಾವ, ಇಲ್ಲಾ ಪಕ್ಕದ ಮನೆಯ ತಿಳಿದವರು. ಪರೀಕ್ಷೆ ಬರೆದವಳು ಬಾಗಿಲ ಹತ್ತಿರ ಒದ್ದೆ ಕೊಡೆ ಎಲ್ಲಿಡೋದು ಅಂತ ಹುಡುಕ್ತಾ ನಿಂತಿರ್ತಾಳೆ. ಮಂಡಿಗೆ ಒಯ್ದ ಅಡಿಕೆಗೆ ಎಷ್ಟು ಸಿಗುತ್ತೆ ಅಂತ ಕೇಳೋ ದನಿಯೇ ಇದು. ಆದರೆ ಮಂಡಿಯವನೂ ರಾಶಿಯಾ, ಬೆಟ್ಟೆಯಾ, ಸರಕಾ, ಗೊರಬಲಾ ಅಂತ ನೋಡಿಯೇ ದರ ಹೇಳೋದು, ಅಲ್ವಾ?

ಹಾಗೇ ನಾನೂ ತಿರುಗಿ ಕೇಳ್ತೇನೆ. ಯಾವ ಬ್ರಾಂಚು? ಕೆಟಗರಿ ಎಂತದು? ಒಂದರಿಂದ ಹತ್ತರವರೆಗೆ ಓದಿದ್ದು ಹಳ್ಳಿ ಶಾಲೆಯಲ್ಲಾ? ಕನ್ನಡ ಮಾಧ್ಯಮವಾ? ಇಷ್ಟರಲ್ಲೇ ಅಪ್ಪಂದಿರಿಗೆ ಸಿಟ್ಟು ಬಂದಿರುತ್ತೆ. "ನಂಬರ್ ಇದೆಯಲ್ಲ, ಅದನ್ನ ನೋಡಿ ಹೇಳು." ನಂಬರಿನಲ್ಲಿ ಎಂತದೂ ಇಲ್ಲ ಮಾರಾಯ್ರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಅಂಕ ಅರ್ಧ, ಸಿಇಟಿಯಲ್ಲಿ ಅದೇ ಮೂರು ಸಬ್ಜೆಕ್ಟಿನ 180 ಅಂಕದ ಲೆಕ್ಕ ಇನ್ನರ್ಧ. ಎರಡೂ ಸೇರಿ ಸಾಲಿನಲ್ಲಿ ನಿಮ್ಮ ಜಾಗ ಎಲ್ಲಿ ಅಂತ ಹೇಳುತ್ತೆ. ನಿಮ್ಮ ಮುಂದೆ ನಿಂತವರು ಏನು ತಗೊಂಡು ಹೋಗ್ತಾರೆ ಅಂತ ಹೇಳಲ್ಲ. ಹೋದ ವರ್ಷ ಕೊನೇ ಸೀಟು ಯಾವ ರ‍್ಯಾಂಕಿಗೆ ಹೋಯ್ತು ಅನ್ನೋ ಕಟ್‌ಆಫ್ ಪಟ್ಟಿ, ಸೀಟು ಹಂಚೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ವೆಬ್‌ಸೈಟಿನಲ್ಲೇ ಇದೆ, ಕಾಲೇಜು, ಬ್ರಾಂಚು, ಕೆಟಗರಿ, ಸುತ್ತು ಎಲ್ಲ ಬಿಡಿಸಿ ಹಾಕಿರ್ತಾರೆ, ಪೂರ್ತಿ ಪ್ರಿಂಟ್ ಹಾಕಿದರೆ ನನ್ನ ಟೋನರೇ ಮುಗಿಯುತ್ತೆ. ಅದನ್ನ ನೋಡಿ ಅಂದಾಜು ಮಾಡಬಹುದು. ಆದರೆ ಅದು ಹೋದ ವರ್ಷದ ಮಳೆ ಲೆಕ್ಕ. ಈ ವರ್ಷ ಆಗುಂಬೆಯಲ್ಲಿ ಎಷ್ಟು ಬೀಳುತ್ತೆ ಅಂತ ಅದನ್ನ ನೋಡಿ ಹೇಳಕ್ಕಾಗುತ್ತಾ?

ಹಳ್ಳಿ ಶಾಲೆ ಅಂದ ಕೂಡಲೇ ಒಂದು ಮಾತು ಹೇಳಿಬಿಡ್ತೇನೆ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲೇ ಓದಿದವರಿಗೆ ಗ್ರಾಮೀಣ ಕೋಟಾ 15 ಪರ್ಸೆಂಟ್. ಹತ್ತೂ ವರ್ಷ ಕನ್ನಡದಲ್ಲಿ ಓದಿದವರಿಗೆ 5 ಪರ್ಸೆಂಟ್. ನಮ್ಮ ಕಡೆ ಏನು ಮಾಡ್ತಾರೆ? ಮಗಳು ಚುರುಕಿದ್ದಾಳೆ ಅಂತ ಐದನೇ ಕ್ಲಾಸಿಗೆ ಊರಿನ ಶಾಲೆ ಬಿಡಿಸಿ ಪೇಟೆಯ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕ್ತಾರೆ. ದಿನಾ ಬೆಳಿಗ್ಗೆ ಏಳಕ್ಕೆ ವ್ಯಾನು, ಅದರಲ್ಲಿ ವಾಂತಿ, ಮಳೆಗಾಲದಲ್ಲಿ ಒಣಗದ ಯೂನಿಫಾರ್ಮು. ಏಳೆಂಟು ವರ್ಷ ಆದ ಮೇಲೆ ನನ್ನ ಅಂಗಡಿಯಲ್ಲಿ ಎರಡು ಕಾಲಮ್ಮಿಗೂ 'ಇಲ್ಲ' ಅಂತ ಒತ್ತುವಾಗ, "ನಮ್ಮನೆ ಇರೋದು ಹಳ್ಳಿಯಲ್ಲೇ, ಎಂತಕ್ಕೆ ಇಲ್ಲ ಅಂತೀಯ?" ಅಂತ ನನ್ನ ಮೇಲೆ ರೇಗ್ತಾರೆ. ಮನೆ ಅಲ್ಲ ಸ್ವಾಮಿ, ಶಾಲೆ. ಇದನ್ನ ಮಗು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬಂದು ಕೇಳಿದ್ದರೆ ಪುಕ್ಕಟೆ ಹೇಳ್ತಿದ್ದೆ.

ಆದಾಯ ಪ್ರಮಾಣಪತ್ರದ್ದೂ ಇದೇ ಕಥೆ. ಮನೆ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಅಂತ ಒಂದು ಕೋಟಾ ಇದೆ, ಬೋಧನಾ ಶುಲ್ಕ ಬಿಟ್ಟುಬಿಡ್ತಾರೆ. ಅದಕ್ಕೆ ನಾಡಕಚೇರಿ ಕೊಡೋ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಬೇಕು. ಕೊನೇ ದಿನ ಸಂಜೆ ಐದಕ್ಕೆ ಬಂದು "ಈಗ ಮಾಡಿಸಿಕೊಡು" ಅಂದರೆ ನಾನು ತಹಶೀಲ್ದಾರನಾ?

ಕೃಷಿಕರ ಮಕ್ಕಳ ಸೀಟಂತೂ ಹೆಚ್ಚಿನವರಿಗೆ ಗೊತ್ತೇ ಇಲ್ಲ. ನಮ್ಮ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ವಿಶ್ವವಿದ್ಯಾಲಯ ಇದೆ, 2012ರಲ್ಲಿ ಆಗಿದ್ದು. ಬಿಎಸ್ಸಿ ಅಗ್ರಿಗೆ ರೈತರ ಮಕ್ಕಳಿಗೆ ಬೇರೆ ಸೀಟು, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ, ಬೀಜ, ಸಲಕರಣೆ ಎಲ್ಲ ಗುರುತಿಸಬೇಕು. ತೋಟದ ಮನೆ ಹುಡುಗನೊಬ್ಬ ಬರೆದು ಬಂದು ಹೇಳಿದ, "ಅಣ್ಣಾ, ಅಡಿಕೆ, ಮೆಣಸು, ಏಲಕ್ಕಿ ಕೇಳ್ತಾರೆ ಅಂದ್ಕೊಂಡಿದ್ದೆ. ಸಣ್ಣ ಸಣ್ಣ ಕಾಳು ಇಟ್ಟಿದ್ರು. ಎಲ್ಲದಕ್ಕೂ ರಾಗಿ ಅಂತ ಬರೆದೆ."

ಇರಲಿ. ನಾನು ಬರೆಯೋಕೆ ಕೂತದ್ದು ಬೇರೆ ವಿಷಯಕ್ಕೆ.

ಕೊರೊನಾಕ್ಕೆ ಮುಂಚಿನ ಒಂದು ಜುಲೈ. ಅಂಗಡಿ ಹಾಕಿ ಎರಡನೇ ವರ್ಷ. ಗೌಡ್ರೊಬ್ಬರು ಮಗಳನ್ನ ಕರೆದುಕೊಂಡು ಬಂದರು. ಒಳ್ಳೇ ರ‍್ಯಾಂಕು, ನಾಲ್ಕೇ ಅಂಕಿ. ಹಳ್ಳಿ ಶಾಲೆ, ಕನ್ನಡ ಮಾಧ್ಯಮ, ಕಾಗದ ಎಲ್ಲ ಸರಿ. ಬೇಕಾದ ಕಾಲೇಜುಗಳನ್ನ ಒಂದು, ಎರಡು ಅಂತ ಸಾಲಾಗಿ ಕಂಪ್ಯೂಟರಿನಲ್ಲಿ ಹಾಕಬೇಕು. ಅದಕ್ಕೇ ಹುಡುಗಿ ಒಂದು ನೋಟ್‌ಬುಕ್ ಹಾಳೆಯಲ್ಲಿ ಕಾಲೇಜಿನ ಹೆಸರು ಬರೆದು ತಂದಿದ್ದಳು, ನೀಲಿ ಇಂಕು, ಒಂದು ಮೂಲೆಗೆ ಮಳೆ ನೀರು ತಾಗಿ ಹರಡಿತ್ತು. ಮೊದಲನೇದು ಬೆಂಗಳೂರಿನ ಯುವಿಸಿಇ. ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿಸಿದ ಕಾಲೇಜು, ಸರ್ಕಾರಿ ಫೀಸು, ಕೆಇಎ ಪಟ್ಟಿಯಲ್ಲಿ ಕೋಡ್ ಇ001. ಗೌಡ್ರಿಗೆ ಅದರ ಹೆಸರೇ ಗೊತ್ತಿಲ್ಲ. ಶಿವಮೊಗ್ಗ ರೋಡಿನಲ್ಲಿ ಅದರ ಬೋರ್ಡು ಕಂಡಿಲ್ಲವಲ್ಲ! ಅವರು ಬೋರ್ಡು ಕಂಡದ್ದು ಬೆಂಗಳೂರಿನ ಹೊರಗಿನ ಒಂದು ಖಾಸಗಿ ಕಾಲೇಜಿನದ್ದು.

"ಸಿಗೋದನ್ನ ಮೇಲೆ ಹಾಕು ಮಾರಾಯ. ಸಿಗದೇ ಇರೋದನ್ನ ಹಾಕಿ ಎರಡೂ ಕೈತಪ್ಪೋದು ಬೇಡ."

ನಾನು ಹಾಕಿದೆ. ಖಾಸಗಿ ಕಾಲೇಜು ಒಂದು, ಯುವಿಸಿಇ ಏಳು. ನನಗೂ ಆಗ ಅದೇ ಸರಿ ಅನಿಸಿತ್ತು, ನಮ್ಮ ಕಡೆ ಎಲ್ಲರೂ ಹಾಗೇ ಹಾಕ್ತಿದ್ದರು, ನನಗೆ ಯಾರೂ ಟ್ರೈನಿಂಗ್ ಕೊಟ್ಟಿರಲಿಲ್ಲ, ಐವತ್ತು ರೂಪಾಯಿಗೆ ಇನ್ನೆಷ್ಟು ತಲೆ ಓಡಿಸೋದು. ಇಷ್ಟೂ ಸಮಜಾಯಿಷಿಯನ್ನ ಕೆಲವು ವರ್ಷ ನನಗೆ ನಾನೇ ಕೊಟ್ಟುಕೊಂಡಿದ್ದೇನೆ.

ಮಾಕ್ ಅಲಾಟ್‌ಮೆಂಟ್ ಬಂತು. ಮಾಕ್ ಅಂದರೆ ಸುಳ್ಳು ಹಂಚಿಕೆ. ಇದೇ ಪಟ್ಟಿ ಇಟ್ಟರೆ ಹೀಗೆ ಬರಬಹುದು ಅಂತ ತೋರಿಸ್ತಾರೆ, ಆಮೇಲೆ ಪಟ್ಟಿ ತಿದ್ದೋಕೆ ಸ್ವಲ್ಪ ದಿನ ಕೊಡ್ತಾರೆ. ಖಾಸಗಿ ಕಾಲೇಜು ಬಂದಿತ್ತು. ಗೌಡ್ರು ಖುಷಿ. "ಇನ್ನು ಮುಟ್ಟಬೇಡ." ಆಗ ಹುಡುಗಿ ಮೊದಲ ಸಲ ಕೌಂಟರಿನ ಹತ್ತಿರ ಬಂದು ಕೇಳಿದಳು.

"ಅಣ್ಣಾ, ಏಳನೇದನ್ನ ಮೇಲೆ ಹಾಕಿದ್ರೆ, ಅದು ಸಿಗಲಿಲ್ಲ ಅಂದ್ರೆ, ಇದೂ ಹೋಗುತ್ತಾ?"

ಕರೆಂಟ್ ಹೋಗಿತ್ತು. ಯುಪಿಎಸ್ ಕುಯ್ಯೋ ಅಂತಿತ್ತು. ಹಿಂದೆ ಮೂರು ಜನ ಕಾಯ್ತಿದ್ದರು.

"ಹೋದ್ರೂ ಹೋಗಬಹುದು" ಅಂದೆ.

ನನ್ನ ಹತ್ತಿರ ಕೇಳಬೇಕಾದ ಪ್ರಶ್ನೆ ಅದು. 'ಎಲ್ಲಿ ಸಿಗುತ್ತೆ' ಅಲ್ಲ. ಆ ಕಂಪ್ಯೂಟರು ನನ್ನ ಪಟ್ಟಿಯನ್ನ ಹೇಗೆ ಓದುತ್ತೆ ಅನ್ನೋದು. ಇಷ್ಟು ವರ್ಷದಲ್ಲಿ ಅದನ್ನ ಕೇಳಿದವಳು ಅವಳೊಬ್ಬಳೇ, ಅವಳಿಗೇ ನಾನು ತಪ್ಪು ಉತ್ತರ ಕೊಟ್ಟೆ.

ಸರಿಯಾದ ಉತ್ತರ ಇಲ್ಲಿದೆ. ಮದುವೆ ಮನೆ ಊಟ ಅಂದ್ಕೊಳ್ಳಿ. ರ‍್ಯಾಂಕಿನ ಪ್ರಕಾರ ಪಂಕ್ತಿಯಲ್ಲಿ ಕೂರಿಸಿದ್ದಾರೆ. ಪ್ರತಿಯೊಬ್ಬರ ಕೈಯಲ್ಲಿ ಒಂದು ಚೀಟಿ, ಬೇಕಾದ್ದನ್ನ ಸಾಲಾಗಿ ಬರೆದದ್ದು. ಬಡಿಸುವವನು ನಿಮ್ಮ ಎಲೆ ಮುಂದೆ ಬಂದು ಚೀಟಿಯನ್ನ ಮೇಲಿನಿಂದ ಓದ್ತಾನೆ. ಹೋಳಿಗೆ? ಖಾಲಿ. ಚಿರೋಟಿ? ಖಾಲಿ. ಕಾಯಿ ಕಡುಬು? ಇದೆ. ಬಡಿಸಿದ, ಚೀಟಿಯ ಮಿಕ್ಕ ಸಾಲು ಹರಿದು ಬಿಸಾಡಿದ, ಮುಂದಿನ ಎಲೆಗೆ ಹೋದ. ಹೋಳಿಗೆ ಕೇಳಿದ್ದಕ್ಕೆ ಕಡುಬು ತಪ್ಪಲ್ಲ. ಆದರೆ ಕಡುಬನ್ನೇ ಮೇಲೆ ಬರೆದರೆ, ಹೋಳಿಗೆ ಪಾತ್ರೆ ತುಂಬಾ ಇದ್ದರೂ ನಿಮ್ಮ ಎಲೆಗೆ ಬೀಳಲ್ಲ. ಅವನು ಅಲ್ಲಿಯವರೆಗೆ ಓದೋದೇ ಇಲ್ಲ.

ಅದಕ್ಕೇ ಸಿಗೋದು ಮೇಲೆ, ಬೇಕಾದ್ದು ಕೆಳಗೆ ಅನ್ನೋ ಲೆಕ್ಕಕ್ಕೆ ತಲೆಬುಡ ಇಲ್ಲ. ಬೇಕಾದ್ದು ಮೇಲೆ. ಅದಕ್ಕಿಂತ ಸ್ವಲ್ಪ ಕಮ್ಮಿ ಬೇಕಾದ್ದು ಅದರ ಕೆಳಗೆ. ಸಿಕ್ಕರೂ ಹೋಗಲ್ಲ ಅನ್ನೋದನ್ನ ಹಾಕಲೇಬೇಡಿ, ಸಿಕ್ಕಿಬಿಡುತ್ತೆ. ನೂರು ಸಾಲು ಬರೆದರೂ ಯಾರೂ ಬೈಯಲ್ಲ, ನನ್ನ ಬೆರಳು ನೋಯುತ್ತೆ ಅಷ್ಟೇ. ಸೀಟು ಹಂಚಿದ ಮೇಲೆ ಕೇಳೋ ನಾಲ್ಕು ಚಾಯ್ಸುಗಳೂ ಇದರ ಮೇಲೇ ನಿಂತಿರೋದು. ಒಂದು ಅಂದರೆ ಸೀಟು ಒಪ್ಪಿ ಫೀಸು ಕಟ್ಟಿ ಕಾಲೇಜಿಗೆ ಸೇರೋದು. ಎರಡು, ಇದು ಇರಲಿ, ಮೇಲಿನದು ಬರುತ್ತಾ ನೋಡೋಣ. ಮೂರು, ಇದು ಬೇಡ, ಮುಂದಿನ ಸುತ್ತಿಗೆ ನಿಲ್ತೇನೆ. ನಾಲ್ಕು, ನಮಸ್ಕಾರ, ನಾನು ಹೊರಟೆ. ಸಿಕ್ಕ ಸೀಟು ಪಟ್ಟಿಯ ಒಂದನೇ ಸಾಲಿನದ್ದೇ ಆದರೆ ಎರಡಕ್ಕೆ ಅರ್ಥವೇ ಇಲ್ಲ. ಮೇಲೆ ಏನಿದೆ, ಹೆಂಚಿನ ಮಾಡು.

ಹುಡುಗಿ ಬೆಂಗಳೂರಿಗೆ ಹೋದಳು. ಆ ವರ್ಷದ ಕಟ್‌ಆಫ್ ಬಂದ ರಾತ್ರಿ ಅಂಗಡಿ ಬಾಗಿಲು ಅರ್ಧ ಎಳೆದು ನೋಡಿದೆ. ಇ001, ಅವಳ ಬ್ರಾಂಚು, ಅವಳ ಕೆಟಗರಿ. ಅವಳ ರ‍್ಯಾಂಕಿಗೆ ಸಿಗ್ತಿತ್ತು. ಸುಮಾರು ಅಂತರದಲ್ಲೇ ಸಿಗ್ತಿತ್ತು, ಕೂದಲೆಳೆಯಲ್ಲಿ ಅಲ್ಲ.

ದೀಪಾವಳಿ ಹೊತ್ತಿಗೆ ಅವಳಿಂದ ವಾಟ್ಸಾಪ್ ಬಂತು. "ಅಣ್ಣಾ ಕಟ್‌ಆಫ್ ನೋಡ್ದೆ." ಅಷ್ಟೇ. ನಾನು ಏನೇನೋ ಟೈಪ್ ಮಾಡಿದೆ, ಅಳಿಸಿದೆ. ಕೊನೆಗೆ "ಕಾಲೇಜು ಹೆಂಗಿದೆ ಮಗಾ" ಅಂತ ಕಳಿಸಿದೆ. "ಚೆನ್ನಾಗಿದೆ ಅಣ್ಣಾ" ಅಂದಳು. ಆಮೇಲೆ ಅವಳೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ.

ಗೌಡ್ರಿಗೆ ಇದು ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಅವರ ಮಗಳಿಗೆ ಮೊದಲ ಸುತ್ತಿನಲ್ಲೇ ಮೊದಲನೇ ಕಾಲೇಜು ಕೊಡಿಸಿದವನು ನಾನು. ಸಿಕ್ಕವರಿಗೆಲ್ಲ "ಆ ಹುಡುಗನ ಹತ್ರ ಹೋಗಿ, ಕರೆಕ್ಟಾಗಿ ಹಾಕ್ತಾನೆ" ಅಂತ ಹೇಳಿ ಕಳಿಸ್ತಾರೆ. ಪ್ರತಿ ವರ್ಷ ಒಂದು ಕಟ್ಟು ಹಲಸಿನ ಹಪ್ಪಳ ತಂದು ಕೊಡ್ತಾರೆ. ಒಳ್ಳೇ ಹಪ್ಪಳ. ಮನೆಯಲ್ಲಿ ಎಲ್ಲರೂ ತಿಂತಾರೆ, ನಾನು ತಿನ್ನಲ್ಲ. ಕೇಳಿದರೆ ಗ್ಯಾಸ್ಟ್ರಿಕ್ ಅಂತ ಹೇಳ್ತೇನೆ.

ಈ ವರ್ಷವೂ ಬಂದರು, ತಮ್ಮನ ಮಗನನ್ನ ಕರೆದುಕೊಂಡು. ಕೊಡೆ ಮಡಚಿ, ಹಪ್ಪಳದ ಕಟ್ಟು ಪ್ರಿಂಟರ್ ಮೇಲೆ ಇಟ್ಟು, ಮೊಬೈಲ್ ತೆಗೆದರು.

"ಈ ರ‍್ಯಾಂಕಿಗೆ ಎಲ್ಲಿ ಸಿಗುತ್ತೆ ನೋಡು. ಸಿಗೋದನ್ನೇ ಮೇಲೆ ಹಾಕು, ನಮ್ಮ ಹುಡುಗಿಗೆ ಹಾಕಿದಂಗೆ."

"ಗೌಡ್ರೆ, ಸ್ವಲ್ಪ ಹೊತ್ತಾಗುತ್ತೆ. ನೀವು ಎದುರಿಗೆ ಹೋಗಿ ಚಾ ಕುಡಿದು ಬನ್ನಿ" ಅಂದೆ. ಹೋದರು. ಹುಡುಗನನ್ನ ಒಳಗೆ ಕರೆದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದೆ. ಪಂಕ್ತಿ ಊಟದ ಕಥೆ ಶುರು ಮಾಡಬೇಕು ಅನ್ನುವಷ್ಟರಲ್ಲಿ ಅವನು ಜೇಬಿನಿಂದ ನಾಲ್ಕು ಮಡಿಕೆ ಹಾಕಿದ ಹಾಳೆ ತೆಗೆದ.

"ಅಣ್ಣಾ, ಅಕ್ಕ ಫೋನಲ್ಲಿ ಬರೆಸಿದ್ದು. ಇದೇ ಆರ್ಡರಲ್ಲಿ ಹಾಕ್ಬೇಕಂತೆ. ಅವರು ಏನೇ ಹೇಳಲಿ, ಒಂದು ಸಾಲೂ ಹಿಂದೆಮುಂದೆ ಮಾಡಿಸ್ಬೇಡ ಅಂದಿದ್ದಾಳೆ."

ಅವರು ಅಂದರೆ ಯಾರು ಅಂತ ನಾನು ಕೇಳಲಿಲ್ಲ. ಮೊದಲನೇ ಸಾಲು ಟೈಪ್ ಮಾಡಿದೆ. ಇ001.