ಅರಗು ನಿಮ್ಮ ಕಡೆಯದೇ ಅಲ್ವಾ?

ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ತಾತ ಕಳೆದ ವಾರ ಹೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. ನಮ್ಮ ಹಳೇ ಮಹಾಗನಿ ಮೇಜಿನ ಮೇಲೆ ಯಾರೋ ಬಿಸಿ ಸಾರಿನ ಪಾತ್ರೆ ಇಟ್ಟು ಬೆಳ್ಳನೆಯ ಉಂಗುರ ಮೂಡಿತ್ತು. ಅವರು ಮೇಜಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಹತ್ತಿಗೆ ಸ್ಪಿರಿಟ್ ತಾಗಿಸಿ ಉಜ್ಜಿದರು. ಪಾಲಿಶ್ ಅಂಟಂಟಾಯಿತು. "ಇದು ಅರಗು. ನಿಮ್ಮ ಕಡೆಯಿಂದಲೇ ಬಂದದ್ದು, ಅಲ್ವಾ? ನಿಮ್ಮಲ್ಲಿ ಇದನ್ನೆಲ್ಲ ಮನೆಯಲ್ಲೇ ಮಾಡ್ಕೊಳ್ತೀರೇನೋ" ಅಂದರು. ಪ್ರೀತಿಯಿಂದಲೇ ಕೇಳಿದರು. ನನಗೆ ಮಾತ್ರ ಚುಚ್ಚಿತು.

ಬಿಳಿ ಉಂಗುರಕ್ಕೆ ಹೆದರಬೇಕಿಲ್ಲವಂತೆ. ತೇವ ಪಾಲಿಶ್ ಪದರದಲ್ಲೇ ಸಿಕ್ಕಿಕೊಂಡಿರುತ್ತದೆ, ಮರಕ್ಕೆ ಇಳಿದಿರುವುದಿಲ್ಲ. ಇಲ್ಲಿ ಸಿಗುವ ನೇರಳೆ ಬಣ್ಣದ ಸ್ಪಿರಿಟ್ಟನ್ನು ಬಟ್ಟೆಗೆ ಹಾಕಿ, ಬಟ್ಟೆ ಹೆಚ್ಚುಕಡಿಮೆ ಒಣಗಿದೆ ಅನ್ನುವಷ್ಟು ಹಿಂಡಿ, ಉಂಗುರದ ಮೇಲೆ ಎಲ್ಲೂ ಕೈ ನಿಲ್ಲಿಸದೆ ಹಗುರವಾಗಿ ಸವರಿದರು. ನಿಲ್ಲಿಸಿದರೆ ಪಾಲಿಶ್ಶೇ ಎದ್ದು ಬರುತ್ತದೆ. ಸವರಿದಷ್ಟೂ ಬಿಳುಪು ಕರಗುತ್ತಾ ಹೋಯಿತು. ಕಲೆ ಕಪ್ಪಗಿದ್ದರೆ ಕಥೆ ಬೇರೆ, ನೀರು ಮರದೊಳಗೇ ಹೋಗಿದೆ ಅಂತ ಅರ್ಥ. ಇನ್ನು ಮೂಲೆಯಲ್ಲಿ ಪೆಟ್ಟು ತಿಂದು ತಗ್ಗಾದ ಜಾಗದಲ್ಲಿ ಪಾಲಿಶ್ ಮೊದಲೇ ಹೋಗಿತ್ತು. ಅಲ್ಲಿ ಒದ್ದೆ ಬಟ್ಟೆ ಇಟ್ಟು ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿದರು. ಅದುಮಿಹೋಗಿದ್ದ ಮರದ ನಾರು ಆವಿ ಕುಡಿದು ಉಬ್ಬಿತು. ಒಣಗಿದ ಮೇಲೆ ಅರಗಿನ ಪಾಲಿಶ್. ಹೊಸ ಪದರ ಹಳೆಯದರಲ್ಲೇ ಕರಗಿ ಒಂದಾಗುತ್ತದೆ, ಅದಕ್ಕೇ ಎಷ್ಟು ಹಳೆಯದಾದರೂ ಇದನ್ನು ಸರಿಮಾಡಬಹುದು.

ಈ ಅರಗು ಮುತ್ತುಗ, ಎಲಚಿಯಂಥ ಮರಗಳ ಕೊಂಬೆಯ ಮೇಲೆ ಪುಟ್ಟ ಹುಳುಗಳು ಕಟ್ಟುವುದು. ಜಾರ್ಖಂಡ್, ಛತ್ತೀಸ್‌ಗಢದ ಕಡೆ ಜಾಸ್ತಿ ಬೆಳೆಯುತ್ತಾರೆ. ಚನ್ನಪಟ್ಟಣದ ಬೊಂಬೆಗೆ ಹೊಳಪು ಬರುವುದೂ ಇದರಿಂದಲೇ. ಯಂತ್ರದಲ್ಲಿ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅದು ಕರಗಿ ಹತ್ತಿಕೊಳ್ಳುತ್ತದೆ.

ತಿಪಟೂರಿನಲ್ಲಿ ನಮ್ಮಜ್ಜನ ತೇಗದ ಮೇಜಿತ್ತು. ಆಚಾರ್ರು ಉಪ್ಪು ಕಾಗದ, ಬಟ್ಟೆಯ ಉಂಡೆ ಹಿಡಿದು ಬಂದರೆ ಮನೆಯೆಲ್ಲ ಸ್ಪಿರಿಟ್ ವಾಸನೆ, ನಾವು ಮಕ್ಕಳು ಸುತ್ತ ಕೂತು ನೋಡುತ್ತಿದ್ದೆವು. ಮನೆ ಹೊಸದು ಮಾಡಿಸಿದಾಗ ಗೀರು ಬಿದ್ದಿದೆ ಅಂತ ಅದು ಗುಜರಿಗೆ ಹೋಯಿತು. ಅದರ ಜಾಗಕ್ಕೆ ಹೊಟ್ಟು ಒತ್ತಿ ಮಾಡಿದ ಹಲಗೆಯ ಮೇಜು ಬಂತು. ಅಂಚಿಗೆ ನೀರು ಇಳಿದು ಈಗಾಗಲೇ ಉಬ್ಬಿದೆ, ಅದನ್ನು ಯಾವ ಆಚಾರ್ರೂ ಸರಿಮಾಡಲಾರರು. ಕೆಲಸ ಬಲ್ಲವರು ಊರಲ್ಲೇ ಇದ್ದರು, ನಾವೇ ಕರೆಯುವುದು ಬಿಟ್ಟೆವು.

ಅಜ್ಜಿಯ ಬೀರು ಇನ್ನೂ ಚಿಕ್ಕಪ್ಪನ ಮನೆಯ ಅಟ್ಟದ ಕೋಣೆಯಲ್ಲಿದೆ. ಫೋನ್ ಮಾಡಿದೆ. "ಮೇಲೆಲ್ಲಾ ಕಲೆ ಕಣಮ್ಮ, ಈಗ ಯಾರು ಇಟ್ಕೊಳ್ತಾರೆ ಅದನ್ನ?" ಅಂದರು. ಕಲೆ ಬಿಳಿಯದೋ ಕಪ್ಪೋ ನೋಡಿ ಹೇಳಿ ಚಿಕ್ಕಪ್ಪ, ನಾನು ಬರುವವರೆಗೂ ಯಾರಿಗೂ ಕೊಡಬೇಡಿ ಅಂದಿದ್ದೀನಿ.