ಗಂಡಸರ ಕೂಟ, ಗುಟ್ಟಿನ ಚೀಲ

ಚರ್ಚಿನ ಗಂಡಸರ ಕೂಟ ಅಂದರೆ ಹಬ್ಬಕ್ಕೆ ಶಾಮಿಯಾನ ಹಾಕಿಸಿ ಕುರ್ಚಿ ಜೋಡಿಸುವವರು ಅಂತಲೇ ಕೇರಳದ ಕಾಸರಗೋಡಿನ ಬೇಳ, ಮಂಜೇಶ್ವರ ಕಡೆ ಸುಮಾರು ಜನರ ಲೆಕ್ಕ. ಅದೂ ಬೇಕು, ಬಿಡಿ. ಆದರೆ 1833ರಲ್ಲಿ ಪ್ಯಾರಿಸ್‌ನಲ್ಲಿ 20ರ ಹುಡುಗ ಫ್ರೆಡೆರಿಕ್ ಓಜಾನಮ್ ಗೆಳೆಯರ ಜೊತೆ ವಿನ್ಸೆಂಟ್ ದಿ ಪಾವ್ಲ್ ಸಭೆ ಎಂಬ ಇಂಥದ್ದೇ ಕೂಟ ಶುರು ಮಾಡಿದ್ದು ಬಡವರ ಮನೆಬಾಗಿಲಿಗೆ ಹೋಗಲಿಕ್ಕೆ. (ಈಗ ಅದರಲ್ಲಿ ಹೆಂಗಸರೂ ಇದ್ದಾರೆ, ಒಳ್ಳೆಯದೇ ಆಯ್ತು.)

ಭೇಟಿಗೆ ಯಾವಾಗಲೂ ಇಬ್ಬರು ಹೋಗಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರ ಕಣ್ಣು ಸೋರುವ ಮಾಡಿನ ಮೇಲೆ, ಖಾಲಿಯಾದ ಮಾತ್ರೆಯ ಪಟ್ಟಿಯ ಮೇಲೆ ಇರುತ್ತದೆ. ದುಡ್ಡಿನ ವಿಷಯಕ್ಕೂ ಒಂದು ಸಾಕ್ಷಿ. "ಕೊಡ್ತೇವೆ" ಅಂತ ಅಲ್ಲೇ ಮಾತು ಕೊಡಬಾರದು, ಸಭೆಯಲ್ಲಿ ತೀರ್ಮಾನ ಆಗಲಿ. ಕೊಟ್ಟದ್ದನ್ನು ಆಗಾಗ ಮರುಪರಿಶೀಲಿಸಲೂ ಬೇಕು. ಇಲ್ಲದಿದ್ದರೆ ತಿಂಗಳ ಅಕ್ಕಿ ವರ್ಷಗಟ್ಟಲೆ ಹೋಗುತ್ತಲೇ ಇರುತ್ತದೆ, ಆ ಮನೆಯ ಹುಡುಗ ಶಾಲೆ ಬಿಟ್ಟದ್ದು ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಕಡೆ ಅಕ್ಕಿಗಿಂತ ದೊಡ್ಡ ಸಹಾಯ ಅರ್ಜಿ ತುಂಬಿಸಿ ಕೊಡುವುದು. ಮನೆಮಾತು ಕೊಂಕಣಿ, ಓದಿದ್ದು ಕನ್ನಡ, ಫಾರಂ ಮಲಯಾಳದಲ್ಲಿ! ಬಿಳಿ ರೇಶನ್ ಕಾರ್ಡನ್ನು ಬಡವರಿಗಿರುವ ಗುಲಾಬಿ ಕಾರ್ಡಿಗೆ ಬದಲಿಸಲು ಏನೇನು ಕಾಗದ ಬೇಕೆಂದು ತಿಳಿದು, ಸರ್ಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರದವರೆಗೆ ಜೊತೆಗೆ ಹೋಗುವ ಒಬ್ಬ ಸದಸ್ಯ ಹತ್ತು ದಿನಸಿ ಕಿಟ್‌ಗೆ ಸಮ.

ಸಭೆಯಲ್ಲಿ ಸದಸ್ಯರ ಕಾಣಿಕೆ ಕೂಡಿಸಲು ಗುಟ್ಟಿನ ಚೀಲ ಸುತ್ತು ಬರುತ್ತದೆ. ಮುಷ್ಟಿ ಮುಚ್ಚಿಯೇ ಕೈ ಒಳಗೆ ಹಾಕುವುದು. ನೂರು ಹಾಕಿದವರೂ ಏನೂ ಹಾಕದವರೂ ಒಂದೇ. ಪಡೆದವರ ಹೆಸರೂ ಅಷ್ಟೇ ಗುಟ್ಟು. ಕಿಟ್ ಕೊಡುವ ಫೋಟೋ ವಾಟ್ಸಾಪ್ ಗ್ರೂಪಿಗೆ ಬಿದ್ದರೆ ಮುಂದಿನ ಸಲ ಆ ಮನೆಯವರು ಬಾಗಿಲು ತೆಗೆಯುವುದು ಅನುಮಾನ.